ಹರ್ಬಿ: ಮನಸ್ಸುಳ್ಳ ರೇಸ್ ಕಾರಿನ ಚಿತ್ರಗಳು

ಹರ್ಬಿ ವಾಲ್ಟ್ ಡಿಸ್ನಿ ಸಂಸ್ಥೆಯ ಹಾಸ್ಯಚಿತ್ರ ಮಾಲೆಯ ನಾಯಕ. ಮನುಷ್ಯನಲ್ಲ, 1963ರ ಮಾದರಿಯ ಬಿಳಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರು. ಮೂತಿಯಿಂದ ಹಿಂಬದಿಯವರೆಗೆ ಕೆಂಪು, ಬಿಳಿ, ನೀಲಿ ಪಟ್ಟೆ; ಬಾಗಿಲ ಮೇಲೆ 53 ಎಂಬ ಅಂಕಿ. ಮಾಲೆಯ ಮೊದಲ ಚಿತ್ರ ‘ದಿ ಲವ್ ಬಗ್’ 1968ರ ಡಿಸೆಂಬರ್ ಕೊನೆಯಲ್ಲಿ ಮೊದಲ ಪ್ರದರ್ಶನ ಕಂಡು, 1969ರ ಮಾರ್ಚ್‌ನಲ್ಲಿ ಅಮೆರಿಕದಾದ್ಯಂತ ಬಿಡುಗಡೆಯಾಯಿತು. ಓಟದ ಕಾರಿಗೆ ಸಿಟ್ಟು, ಅಭಿಮಾನ, ಹೊಟ್ಟೆಕಿಚ್ಚು, ನಿಷ್ಠೆ ಎಲ್ಲವನ್ನೂ ಕೊಟ್ಟು ಮನೆಮಂದಿಯೆಲ್ಲ ಕೂತು ನೋಡುವಂಥ ಕಥೆ ಹೆಣೆಯುವ ದಾರಿಯನ್ನು ಗಟ್ಟಿಗೊಳಿಸಿದ ಚಿತ್ರ ಇದು.

ಚಿತ್ರಕ್ಕೆ ಮೂಲ ಗಾರ್ಡನ್ ಬ್ಯೂಫೋರ್ಡ್ 1961ರಲ್ಲಿ ಬರೆದ ‘ಕಾರ್, ಬಾಯ್, ಗರ್ಲ್’ ಎಂಬ ಕಥೆ. ನಿರ್ಮಾಪಕ ಬಿಲ್ ವಾಲ್ಷ್ ಅದನ್ನು ಡಾನ್ ಡಗ್ರಾಡಿ ಜೊತೆ ಸೇರಿ ಚಿತ್ರಕಥೆಯಾಗಿಸಿದರು. ನಿರ್ದೇಶಿಸಿದವರು ರಾಬರ್ಟ್ ಸ್ಟೀವನ್ಸನ್. 1964ರ ‘ಮೇರಿ ಪಾಪಿನ್ಸ್’ ಮಾಡಿದ್ದೂ ಇದೇ ಬಳಗ. ಕಾರಿನ ಆಯ್ಕೆಯ ವಿಷಯದಲ್ಲಿ ಬಹಳ ಹೇಳಿಕೆಯಲ್ಲಿರುವ ಸಂಗತಿಯೊಂದಿದೆ. ಸ್ಟುಡಿಯೊ ಅಂಗಳದಲ್ಲಿ ಬೇರೆ ಬೇರೆ ಕಂಪನಿಗಳ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದರಂತೆ. ಊಟಕ್ಕೆ ಹೊರಟ ಕೆಲಸಗಾರರು ಉಳಿದ ಕಾರುಗಳ ಟೈರಿಗೆ ಕಾಲಿನಿಂದ ಒದ್ದು, ಸ್ಟೀರಿಂಗ್ ತಿರುಗಿಸಿ ನೋಡಿದರು. ಬೀಟಲ್ ಹತ್ತಿರ ಬಂದವರು ಮಾತ್ರ ಅದರ ಮೈ ಸವರಿದರು. ಅಲ್ಲಿಗೆ ನಾಯಕ ಸಿಕ್ಕಂತಾಯಿತು. 53 ಎಂಬುದು ವಾಲ್ಷ್ ಮೆಚ್ಚಿದ ಬೇಸ್‌ಬಾಲ್ ಆಟಗಾರ ಡಾನ್ ಡ್ರೈಸ್‌ಡೇಲ್ ತೊಡುತ್ತಿದ್ದ ಅಂಗಿಯ ಸಂಖ್ಯೆ.

ಬೀಟಲನ್ನು ಆರಿಸಿದ್ದರಲ್ಲೇ ಅರ್ಧ ಹಾಸ್ಯವಿದೆ. ಆ ಕಾಲದ ಅಮೆರಿಕದ ರಸ್ತೆಗಳಲ್ಲಿ ಉದ್ದುದ್ದ, ಅಗಲಗಲ ಕಾರುಗಳದೇ ದರ್ಬಾರು. ಬೀಟಲ್ ಗುಂಡಗಿನ ಬೆನ್ನಿನ, ಅಗ್ಗದ, ಬಡಪಾಯಿ ಗಾಡಿ. ಎಂಜಿನ್ ಹಿಂದೆ, ಅದನ್ನು ತಣಿಸಲು ನೀರೂ ಬೇಡ, ಗಾಳಿಯೇ ಸಾಕು. 1200 ಸಿ.ಸಿ.ಯ ಆ ಎಂಜಿನ್ನಿನ ಬಲ ಸುಮಾರು 40 ಅಶ್ವಶಕ್ತಿ. ಅದು ದೊಡ್ಡ ರೇಸ್ ಕಾರುಗಳನ್ನು ಹಿಂದೆ ಹಾಕುವುದು ಆಗದ ಮಾತು. ಆಗದ ಮಾತು ಆಗುವುದನ್ನು ನೋಡುವ ಸುಖವೇ ಈ ಚಿತ್ರದ ಜೀವಾಳ.

ಕಥೆ ನಡೆಯುವುದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಸೋತು ಸುಣ್ಣವಾದ ರೇಸ್ ಚಾಲಕ ಜಿಮ್ ಡಗ್ಲಾಸ್ (ಡೀನ್ ಜೋನ್ಸ್) ವಿದೇಶಿ ಕಾರುಗಳ ಮಳಿಗೆಯೊಂದಕ್ಕೆ ಹೋಗುತ್ತಾನೆ. ಮಾಲೀಕ ಥಾರ್ನ್‌ಡೈಕ್ (ಡೇವಿಡ್ ಟಾಮ್ಲಿನ್ಸನ್) ಅಲ್ಲಿದ್ದ ಪುಟ್ಟ ಬಿಳಿ ಕಾರನ್ನು ಒದ್ದಾಗ ಜಿಮ್ ಅದರ ಪರ ಮಾತಾಡುತ್ತಾನೆ. ಅಷ್ಟಕ್ಕೇ ಕಾರು ಅವನ ಬೆನ್ನು ಹತ್ತಿ ಮನೆಗೆ ಬರುತ್ತದೆ, ಅವನ ಮೇಲೆ ಕಳ್ಳತನದ ಆರೋಪ ಬರುತ್ತದೆ. ಓಟಗಳನ್ನು ಗೆಲ್ಲತೊಡಗಿದ ಮೇಲೆ ಜಿಮ್ ಎಲ್ಲವೂ ತನ್ನ ಕೈಚಳಕವೆಂದು ಬೀಗುತ್ತಾನೆ. ಗೆಲ್ಲುತ್ತಿರುವುದು ಕಾರು ಎಂದು ತಿಳಿದವನು, ಅದಕ್ಕೆ ಹರ್ಬಿ ಎಂದು ಹೆಸರಿಟ್ಟವನು, ಗೆಳೆಯ ಟೆನೆಸ್ಸಿ (ಬಡ್ಡಿ ಹ್ಯಾಕೆಟ್). ಜಿಮ್ ಹೊಸ ಲ್ಯಾಂಬೋರ್ಗಿನಿ ತಂದ ದಿನ ಹರ್ಬಿ ಅದನ್ನು ಜಜ್ಜಿ ಹಾಕುತ್ತದೆ. ಆಮೇಲೆ ಮನೆ ಬಿಟ್ಟು ಓಡಿ, ಗೋಲ್ಡನ್ ಗೇಟ್ ಸೇತುವೆಯಿಂದ ಹಾರಲು ಹೋಗುತ್ತದೆ. ಮಕ್ಕಳ ಚಿತ್ರವೆಂದು ಕರೆಯುವ ಕೃತಿಯಲ್ಲಿ ಇಂಥ ದೃಶ್ಯ ಇಡಲು ಧೈರ್ಯ ಬೇಕು. ಕಾರಿನ ಮನಸ್ಸು ತಮಾಷೆಗಷ್ಟೇ ಸೀಮಿತವಲ್ಲ ಎಂದು ನಂಬಿಸುವುದೂ ಇದೇ ದೃಶ್ಯ. ಕೊನೆಯ ಓಟದಲ್ಲಿ ಕಾರು ಎರಡು ಹೋಳಾಗಿ, ಒಂದು ಹೋಳು ಮೊದಲನೆಯದಾಗಿ, ಮತ್ತೊಂದು ಮೂರನೆಯದಾಗಿ ಗುರಿ ಮುಟ್ಟುತ್ತದೆ.

ಹರ್ಬಿ ಮಾತಾಡುವುದಿಲ್ಲ. ಹಾರ್ನ್, ಬಾಗಿಲ ಬಡಿತ, ತಾನಾಗಿ ತಿರುಗುವ ಸ್ಟೀರಿಂಗ್, ಆಗದವರ ಬೂಟಿನ ಮೇಲೆ ಪಿಚಕ್ಕನೆ ಉಗುಳುವ ಆಯಿಲ್ — ಇಷ್ಟೇ ಅದರ ಭಾಷೆ. ಚಾಲಕನಿಲ್ಲದೆ ಓಡುವ ದೃಶ್ಯಗಳಿಗೆ ಹಿಂದಿನ ಸೀಟಿನ ಜಾಗದಲ್ಲಿ ಚಾಲಕನೊಬ್ಬ ಕ್ಯಾಮೆರಾಕ್ಕೆ ಕಾಣದಂತೆ ಅಡಗಿ ಕೂತು ಗಾಡಿ ನಡೆಸುತ್ತಿದ್ದ. ವೇಗದ ದೃಶ್ಯಗಳಿಗೆ ಪೋರ್ಷೆ ಎಂಜಿನ್ ಕೂರಿಸಿದ ಬೀಟಲನ್ನೂ ಬಳಸಿದರು. ಸುಮಾರು 50 ಲಕ್ಷ ಡಾಲರ್ ಖರ್ಚಿನ ಚಿತ್ರ ಅಮೆರಿಕದಲ್ಲೇ 5 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು.

ಮುಂದಿನ ಭಾಗಗಳು ಈ ಎತ್ತರ ಮುಟ್ಟಲಿಲ್ಲ. 1974ರ ‘ಹರ್ಬಿ ರೈಡ್ಸ್ ಅಗೇನ್’ ಚಿತ್ರದಲ್ಲಿ ಕಾರು ಒಬ್ಬ ಅಜ್ಜಿಯ (ಹೆಲೆನ್ ಹೇಯ್ಸ್) ಮನೆ ಉಳಿಸಲು ಹೋರಾಡುತ್ತದೆ. 1977ರಲ್ಲಿ ಮಾಂಟೆ ಕಾರ್ಲೊಗೆ ಹೋಗಿ ಲಾನ್ಸಿಯಾ ಕಾರೊಂದನ್ನು ಪ್ರೀತಿಸುತ್ತದೆ. 1980ರಲ್ಲಿ ಗೂಳಿ ಕಾಳಗದ ಕಣಕ್ಕಿಳಿಯುತ್ತದೆ. 1982ರ ಟಿವಿ ಧಾರಾವಾಹಿ ಐದೇ ಕಂತಿಗೆ ನಿಂತಿತು. 2005ರಲ್ಲಿ ಏಂಜೆಲಾ ರಾಬಿನ್ಸನ್ ನಿರ್ದೇಶಿಸಿದ ‘ಹರ್ಬಿ: ಫುಲ್ಲಿ ಲೋಡೆಡ್’ ಹೊಸ ತಲೆಮಾರಿಗೆ ಹರ್ಬಿಯನ್ನು ತಲುಪಿಸಿತು. ಗುಜರಿಯಲ್ಲಿ ಬಿದ್ದಿದ್ದ ಕಾರನ್ನು ರೇಸಿನ ಮನೆತನದ ಹುಡುಗಿ ಮ್ಯಾಗಿ (ಲಿಂಡ್ಸೆ ಲೋಹಾನ್) ಮನೆಗೆ ತಂದು, ಕೊನೆಗೆ ನಾಸ್ಕಾರ್ ಓಟದಲ್ಲಿ ಗೆಲ್ಲಿಸುತ್ತಾಳೆ. ಇಲ್ಲಿ ಕಂಪ್ಯೂಟರ್ ನೆರವಿನಿಂದ ಹೆಡ್‌ಲೈಟು ಕಣ್ಣಿನಂತೆ ಹೊರಳುತ್ತದೆ, ಬಂಪರ್ ನಗುತ್ತದೆ. ನೋಡುಗ ತಾನೇ ಊಹಿಸಿಕೊಳ್ಳುತ್ತಿದ್ದುದನ್ನು ತೆರೆಯೇ ತೋರಿಸಿಬಿಟ್ಟಿತು. ಅಷ್ಟರಮಟ್ಟಿಗೆ ಹಳೆಯ ಹರ್ಬಿಯೇ ಹೆಚ್ಚು ಜೀವಂತ.

ಭಾರತದಲ್ಲಿ ಈ ಬಗೆಯ ಚಿತ್ರಕ್ಕೆ ಹರ್ಬಿಗಿಂತ ಹಿಂದಿನ ಚರಿತ್ರೆಯಿದೆ. 1958ರಲ್ಲಿ ಋತ್ವಿಕ್ ಘಟಕ್ ಸುಬೋಧ್ ಘೋಷರ ಕಥೆಯನ್ನು ಆಧರಿಸಿ ಬಂಗಾಳಿಯಲ್ಲಿ ‘ಅಜಾಂತ್ರಿಕ್’ ತೆಗೆದರು. ಟ್ಯಾಕ್ಸಿ ಚಾಲಕ ಬಿಮಲನಿಗೆ (ಕಾಳಿ ಬ್ಯಾನರ್ಜಿ) ಜಗದ್ದಲ್ ಎಂಬ ಲಟಾರಿ ಷೆವರ್ಲೆಯೇ ಬಂಧು ಬಳಗ. ರೇಡಿಯೇಟರಿಗೆ ನೀರು ಹೊಯ್ದಾಗ ಬಾಯಾರಿದ ಪ್ರಾಣಿ ಗಟಗಟ ಕುಡಿದಂತೆ ಸದ್ದು ಕೇಳಿಸಿ ಘಟಕ್ ಆ ಕಾರಿಗೆ ಪ್ರಾಣ ತುಂಬಿದರು. ಅದೇ ವರ್ಷ ಬಂದ ಹಿಂದಿಯ ‘ಚಲ್ತಿ ಕಾ ನಾಮ್ ಗಾಡಿ’ಯಲ್ಲೂ ಹಳೆಯ ಷೆವರ್ಲೆಯೊಂದು ಗಂಗೂಲಿ ಸೋದರರ ಜೊತೆ ತೆರೆ ಹಂಚಿಕೊಂಡಿತು. 2004ರ ‘ಟಾರ್ಜನ್: ದಿ ವಂಡರ್ ಕಾರ್’ ಚಿತ್ರದಲ್ಲಿ ಸತ್ತ ತಂದೆಯ ಆತ್ಮವೇ ಕಾರಿನೊಳಗೆ ಸೇರುತ್ತದೆ, ಅದು ಸೇಡಿನ ಕಥೆ. ಕನ್ನಡದಲ್ಲಿ ವಾಹನದ ಮೇಲಿನ ಅಭಿಮಾನ ಆಟೊ ಕಡೆಗೆ ಹರಿಯಿತು: 1980ರ ‘ಆಟೋ ರಾಜ’ ಬಂದ ಮೇಲೆ ಶಂಕರ್‌ನಾಗ್ ಚಿತ್ರ ಆಟೊಗಳ ಬೆನ್ನೇರಿತು, ಇಂದಿಗೂ ಇಳಿದಿಲ್ಲ.

ಮುನವಳ್ಳಿ, ಸವದತ್ತಿ, ಬೈಲಹೊಂಗಲ, ರಾಮದುರ್ಗದ ಕಡೆಯ ನೋಡುಗರಿಗೆ ಹರ್ಬಿಯ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲಪ್ರಭೆಯ ದಂಡೆಯ ಈ ಎರೆಭೂಮಿಯಲ್ಲಿ ಓಟವೆಂದರೆ ಮೊದಲು ನೆನಪಾಗುವುದು ಎತ್ತು. ಕಾರಹುಣ್ಣಿಮೆಯ ಕರಿ ಹರಿಯುವ ಓಟದಲ್ಲಿ ಯಾವ ಬಣ್ಣದ ಎತ್ತು ಮುಂದೆ ಬಂತು ಎಂಬುದರ ಮೇಲೆ ಮುಂಗಾರಿಯೋ ಹಿಂಗಾರಿಯೋ ಯಾವ ಪೀಕು ಕೈಹಿಡಿಯುತ್ತದೆ ಎಂದು ಲೆಕ್ಕ ಹಾಕುವ ಊರುಗಳು ಉತ್ತರ ಕರ್ನಾಟಕದಲ್ಲಿವೆ. ಜಾತ್ರೆಗಳಲ್ಲಿ ಖಾಲಿ ಗಾಡಾ ಓಡಿಸುವ ಶರ್ಯತ್ತು ನಡೆಯುತ್ತದೆ. ಅಲ್ಲಿ ಗೆದ್ದವರ ಮಾತಿನಲ್ಲಿ ಮೊದಲು ಬರುವುದು ಎತ್ತಿನ ಗುಣ, ಆಮೇಲೆ ಹೊಡೆಯುವವನ ಜಾಣತನ. ಜಿಮ್ ಡಗ್ಲಾಸ್ ಇಡೀ ಚಿತ್ರದಲ್ಲಿ ಕಲಿಯಬೇಕಾದ ಪಾಠ ಈ ಸೀಮೆಯ ಒಕ್ಕಲಿಗನಿಗೆ ಮೊದಲಿಂದಲೂ ಗೊತ್ತು. ಹಾಗೆಂದು ಕಾರನ್ನೂ ಎತ್ತನ್ನೂ ಒಂದೇ ಎನ್ನಲಾಗದು, ಎತ್ತಿಗೆ ನೋವಾಗುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿನ ಗಾಡಿ ಓಟಗಳಿಗೆ ತಡೆಯೊಡ್ಡಿದ್ದು ಅದೇ ಕಾರಣಕ್ಕೆ. ಕರ್ನಾಟಕ 2017ರಲ್ಲಿ ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶ ಕೊಡುವ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು.

ಹರ್ಬಿಯ ನಂತರದ ತೆರೆಯ ಕಾರುಗಳು ಮಾತಿನ ಕಡೆಗೆ ವಾಲಿದವು. 1982ರ ‘ನೈಟ್ ರೈಡರ್’ ಧಾರಾವಾಹಿಯ ಕಿಟ್ ನಯವಾಗಿ ಮಾತಾಡಿತು. 2006ರ ಪಿಕ್ಸಾರ್ ಚಿತ್ರ ‘ಕಾರ್ಸ್’ನಲ್ಲಿ ಮನುಷ್ಯರೇ ಇಲ್ಲ, ಎಲ್ಲರೂ ಕಾರುಗಳೇ. 2024ರ ತೆಲುಗು ಚಿತ್ರ ‘ಕಲ್ಕಿ 2898 ಎಡಿ’ಯ ಬುಜ್ಜಿ ಎಂಬ ವಾಹನ ಕೀರ್ತಿ ಸುರೇಶ್ ದನಿಯಲ್ಲಿ ಯಜಮಾನನನ್ನು ರೇಗಿಸಿತು, ಕನ್ನಡಕ್ಕೂ ಡಬ್ ಆಗಿ ಬಂದ ಆ ಚಿತ್ರದಿಂದ ಇಲ್ಲಿನ ಮಕ್ಕಳಿಗೆ ಬುಜ್ಜಿಯ ಪರಿಚಯವಾಯಿತು. ಹರ್ಬಿಯ ಮೈಯಾದ ಹಳೆಯ ಬೀಟಲ್ ಮಾದರಿಯ ತಯಾರಿಕೆ 2003ರ ಜುಲೈನಲ್ಲಿ ಮೆಕ್ಸಿಕೊದ ಪ್ಯುಯೆಬ್ಲಾ ಕಾರ್ಖಾನೆಯಲ್ಲಿ ಮುಗಿಯಿತು. ಅಷ್ಟರೊಳಗೆ ಅಂಥ 2.1 ಕೋಟಿಗೂ ಹೆಚ್ಚು ಕಾರುಗಳು ರಸ್ತೆಗಿಳಿದಿದ್ದವು.