ಕೊರಿಯನ್ ಧಾರಾವಾಹಿ: ಪ್ರೇಮಕಥೆಯಲ್ಲಿ ಪಾಲು ಕೇಳಿದ ವೀಕ್ಷಕರು

ದಕ್ಷಿಣ ಕೊರಿಯಾದಲ್ಲಿ ಟಿವಿ ಧಾರಾವಾಹಿಯ ವೀಕ್ಷಕರು ಸುಮ್ಮನೆ ನೋಡಿ ಎದ್ದುಹೋದವರಲ್ಲ. ಯಾವ ಪಾತ್ರ ಬದುಕಬೇಕು, ನಾಯಕಿ ಯಾರ ಕೈಹಿಡಿಯಬೇಕು, ಕಥೆ ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ತಮ್ಮ ಮಾತೂ ನಡೆಯಬೇಕೆಂದು ಅವರು ದಶಕಗಳಿಂದ ಪಟ್ಟು ಹಿಡಿಯುತ್ತ ಬಂದಿದ್ದಾರೆ. ಧಾರಾವಾಹಿ ತಯಾರಾಗುತ್ತಿದ್ದ ಕ್ರಮವೂ ಆ ಪಟ್ಟಿಗೆ ಇಂಬು ಕೊಟ್ಟಿತು. ಅಲ್ಲಿನ ಪ್ರೇಮಕಥೆಗಳು ಈಗಿನ ರೂಪಕ್ಕೆ ಬಂದಿದ್ದರೆ ಅದರಲ್ಲಿ ಬರಹಗಾರರಷ್ಟೇ ಪಾಲು ವೀಕ್ಷಕರದ್ದೂ ಇದೆ.

ಕೊರಿಯಾದ ಮೊದಲ ಟಿವಿ ಕೇಂದ್ರ 1956ರಲ್ಲಿ ಸೋಲ್‌ನಲ್ಲಿ ಆರಂಭವಾಯಿತು. ಅದು ಹೆಚ್ಚು ಕಾಲ ಬಾಳಲಿಲ್ಲ. 1959ರಲ್ಲಿ ಬೆಂಕಿಗೆ ಆಹುತಿಯಾಯಿತು. ಸರ್ಕಾರಿ ಕೆಬಿಎಸ್‌ನ ಟಿವಿ ಪ್ರಸಾರ 1961ರ ಡಿಸೆಂಬರ್ 31ರಂದು ಶುರುವಾಯಿತು. 1964ರಲ್ಲಿ ಖಾಸಗಿ ಟಿಬಿಸಿ, 1969ರಲ್ಲಿ ಎಂಬಿಸಿ ಬಂದವು. ಮೂರು ವಾಹಿನಿಗಳ ಪೈಪೋಟಿಯಲ್ಲಿ ಜನರನ್ನು ಹಿಡಿದಿಡಲು ಸಿಕ್ಕ ಗಟ್ಟಿ ಸಾಧನವೆಂದರೆ ದಿನ ಧಾರಾವಾಹಿ. 1970ರಲ್ಲಿ ಟಿಬಿಸಿಯ ‘ಅಸ್ಸಿ’ ಸಂಪ್ರದಾಯಸ್ಥ ಮನೆಯ ಸೊಸೆಯೊಬ್ಬಳ ಸಹನೆಯ ಬಾಳನ್ನು ಹೇಳಿ ಹೆಂಗಸರ ಮನಗೆದ್ದಿತು. ಅದಕ್ಕೆ ಕೆಬಿಎಸ್ ಕೊಟ್ಟ ಉತ್ತರವೇ 1972ರ ‘ಯೊರೊ’.

‘ಯೊರೊ’ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ 211 ಕಂತುಗಳಲ್ಲಿ ಪ್ರಸಾರವಾಯಿತು. ಬಡಮನೆಯ ಹೆಣ್ಣು ಬುನಿ, ಬುದ್ಧಿ ಬೆಳೆಯದ ಯೊಂಗ್-ಗು ಎಂಬುವನ ಹೆಂಡತಿಯಾಗಿ ಬರುತ್ತಾಳೆ. ಅತ್ತೆಯ ಕಾಟ, ಮನೆಯಿಂದ ಹೊರದಬ್ಬಿಸಿಕೊಳ್ಳುವುದು, ಯುದ್ಧದ ಅಲೆದಾಟ, ಕೊನೆಗೆ ಗಂಡನ ಜೊತೆ ಮತ್ತೆ ಸೇರುವುದು ಇದರ ಕಥೆ. ಆ ಕಾಲಕ್ಕೆ ಎಲ್ಲರ ಮನೆಯಲ್ಲೂ ಟಿವಿ ಇರಲಿಲ್ಲ. ಸಂಜೆಯಾದರೆ ಟಿವಿ ಇದ್ದವರ ಮನೆಯಲ್ಲಿ ಕೇರಿಯೇ ನೆರೆಯುತ್ತಿತ್ತು. ಸಿನಿಮಾ ಮಂದಿರಗಳಿಗೆ ಜನ ಬರುವುದು ನಿಂತು, ಕೆಲವು ಮಾಲೀಕರು ಮಂದಿರದಲ್ಲೇ ಟಿವಿ ಇಟ್ಟು, ಧಾರಾವಾಹಿ ತೋರಿಸಿದ ಮೇಲೆ ಸಿನಿಮಾ ಮುಂದುವರಿಸಬೇಕಾಯಿತು. ಮಕ್ಕಳು ಯೊಂಗ್-ಗುವಿನ ನಡಿಗೆ, ಮಾತುಗಳನ್ನು ಬೀದಿಯಲ್ಲಿ ಅನುಕರಿಸಿದರು. ಇಲ್ಲಿ ಪ್ರೇಮವೆಂದರೆ ಸಹಿಸಿಕೊಳ್ಳುವುದು, ಕಾಯುವುದು. ಜಪಾನಿನ ಆಳ್ವಿಕೆಯನ್ನೂ 1950–53ರ ಯುದ್ಧವನ್ನೂ ಕಂಡು, ಬಂಧುಗಳನ್ನು ಕಳೆದುಕೊಂಡಿದ್ದ ಪೀಳಿಗೆ ಬುನಿಯ ಕಣ್ಣೀರಿನಲ್ಲಿ ತನ್ನದನ್ನೂ ಬೆರೆಸಿತು.

1980ರ ಡಿಸೆಂಬರ್‌ನಲ್ಲಿ ಬಣ್ಣದ ಪ್ರಸಾರ ಬಂತು. ಆದರೆ ಪ್ರೇಮಕಥೆಯ ಬಣ್ಣ ಬದಲಾಗಲು ಮತ್ತೆ ಹನ್ನೆರಡು ವರ್ಷ ಬೇಕಾಯಿತು. 1992ರ ಎಂಬಿಸಿಯ ‘ಜೆಲಸಿ’ಯಲ್ಲಿ ಅತ್ತೆಯ ಕಾಟವಿಲ್ಲ, ಯುದ್ಧವಿಲ್ಲ. ಚೊಯ್ ಜಿನ್-ಸಿಲ್ ಮತ್ತು ಚೊಯ್ ಸೂ-ಜೊಂಗ್ ನಟಿಸಿದ ಇಬ್ಬರು ಗೆಳೆಯರು ತಮ್ಮ ಸ್ನೇಹ ಯಾವಾಗ ಪ್ರೇಮವಾಯಿತೆಂದು ತಿಳಿಯದೆ ಒದ್ದಾಡುವುದಷ್ಟೇ ಕಥೆ. ಅವರು ರಾತ್ರಿಯಿಡೀ ತೆರೆದಿರುವ ಅಂಗಡಿಯಲ್ಲಿ ನಿಂತು ಕಪ್ ನೂಡಲ್ಸ್ ತಿಂದದ್ದು ನಗರದ ಯುವಜನರಿಗೆ ಹೊಸ ಶೋಕಿಯಾಯಿತು. ಕೊನೆಯ ದೃಶ್ಯದಲ್ಲಿ ತಬ್ಬಿ ನಿಂತ ಜೋಡಿಯ ಸುತ್ತ ಕ್ಯಾಮೆರಾ ಸುತ್ತಿ ಸುತ್ತಿ ಬಂದದ್ದನ್ನು ಮುಂದಿನವರು ಎಷ್ಟು ಸಲ ನಕಲು ಮಾಡಿದರೋ ಲೆಕ್ಕವಿಲ್ಲ. ಅಳುವ ಪ್ರೇಮದ ಜೊತೆಗೆ ನಗುವ ಪ್ರೇಮವೂ ಟಿವಿಯಲ್ಲಿ ನೆಲೆಯೂರಿದ್ದು ಇಲ್ಲಿಂದ.

1995ರ ಆರಂಭದಲ್ಲಿ ಎಸ್‌ಬಿಎಸ್ ವಾಹಿನಿ ‘ಸ್ಯಾಂಡ್‌ಗ್ಲಾಸ್’ ಅನ್ನು ವಾರಕ್ಕೆ ನಾಲ್ಕು ದಿನ, ಒಟ್ಟು 24 ಕಂತುಗಳಲ್ಲಿ ತೋರಿಸಿತು. ಸರ್ವಾಧಿಕಾರದ ಕಾಲವನ್ನೂ ಗ್ವಾಂಗ್ಜು ನಗರದಲ್ಲಿ ಸೇನೆ ನಡೆಸಿದ ಹತ್ಯಾಕಾಂಡವನ್ನೂ ಬಿಚ್ಚಿಟ್ಟ ಈ ಕಥೆಯ ವೀಕ್ಷಣೆ ಶೇ 64.5ಕ್ಕೆ ಏರಿತು. ಗಂಡಸರು ಕೆಲಸ ಮುಗಿಸಿ ನೇರ ಮನೆಗೆ ಓಡುತ್ತಿದ್ದರಿಂದ ಜನ ಅದನ್ನು ‘ಮನೆಗೆ ಹೋಗುವ ಗಡಿಯಾರ’ ಎಂದೇ ಕರೆದರು. ನಾಯಕಿಯ ಅಂಗರಕ್ಷಕ ಬೇಕ್ ಜೇ-ಹೀ ಮಾತೇ ಆಡದವನು. ಅವಳನ್ನು ಕಣ್ಣಲ್ಲೇ ಕಾಯುವ ಆ ಪಾತ್ರದ ಮೇಲೆ ಜನ ಪ್ರಾಣವಿಟ್ಟರು. ನಟ ಲೀ ಜೊಂಗ್-ಜೇ ರಾತ್ರೋರಾತ್ರಿ ತಾರೆಯಾದರು. ನಾಯಕನಿಗಿಂತ ಮೌನವಾಗಿ ಪ್ರೀತಿಸುವ ಎರಡನೆಯವನಿಗೆ ಮನಸೋಲುವ ಚಾಳಿ ಕೊರಿಯನ್ ವೀಕ್ಷಕರಿಗೆ ಅಂದಿನಿಂದ ಅಂಟಿಕೊಂಡಿದೆ ಎನ್ನಬಹುದು. ಪೂರ್ವ ಕರಾವಳಿಯ ಜೊಂಗ್‌ಡೊಂಗ್‌ಜಿನ್ ಎಂಬ ಪುಟ್ಟ ರೈಲು ನಿಲ್ದಾಣದಲ್ಲಿ ನಾಯಕಿ ಪೊಲೀಸರಿಗೆ ಸಿಕ್ಕಿಬೀಳುವ ದೃಶ್ಯವಿದೆ. ಅವಳು ನಿಂತಿದ್ದ ಕಡೆಯ ಪೈನ್ ಮರಕ್ಕೆ ನಟಿ ಕೊ ಹ್ಯೊನ್-ಜೊಂಗ್ ಅವರ ಹೆಸರೇ ಬಿತ್ತು, ಆ ಊರು ಪ್ರವಾಸಿ ತಾಣವಾಯಿತು.

ಮೆಚ್ಚುಗೆಯಷ್ಟೇ ಸಿಟ್ಟೂ ಜೋರಾಗಿತ್ತು. 1996ರ ಎಂಬಿಸಿಯ ‘ಲವರ್ಸ್’ನಲ್ಲಿ ಮದುವೆಯಾಗಿ ಮಕ್ಕಳಿರುವ ಗಂಡು, ಹಾಗೆಯೇ ಮಕ್ಕಳಿರುವ ಇನ್ನೊಬ್ಬರ ಹೆಂಡತಿ ಪರಸ್ಪರ ಪ್ರೀತಿಸುತ್ತಾರೆ. ಆಗ ಕೊರಿಯಾದಲ್ಲಿ ವ್ಯಭಿಚಾರ ಜೈಲು ಶಿಕ್ಷೆಯ ಅಪರಾಧ. ಸಂವಿಧಾನ ನ್ಯಾಯಾಲಯ ಆ ಕಾನೂನನ್ನು ರದ್ದುಪಡಿಸಿದ್ದು 2015ರಲ್ಲಿ. ಧಾರಾವಾಹಿ ಸಂಸಾರ ಒಡೆಯುತ್ತಿದೆ ಎಂಬ ದೂರು ರಾಷ್ಟ್ರೀಯ ಶಾಸನಸಭೆಯವರೆಗೂ ಹೋಯಿತು. ಅದೇ ಹೊತ್ತಿಗೆ ನಾಯಕ ಯೂ ಡೊಂಗ್-ಗುನ್ ತೊಡುತ್ತಿದ್ದ ನೀಲಿ ಅಂಗಿ ಮಾರುಕಟ್ಟೆಯಲ್ಲಿ ಬಿಸಿಬಿಸಿಯಾಗಿ ಮಾರಾಟವಾಯಿತು. ಬೈಯುತ್ತಲೇ ನೋಡಿದವರು, ನೋಡುತ್ತಲೇ ಒಳಗೊಳಗೆ ಒಪ್ಪಿದವರು ಎರಡೂ ಬಗೆಯವರಿದ್ದರು. ಮರುವರ್ಷ ಮುಗಿದ ಕೆಬಿಎಸ್‌ನ ‘ಫಸ್ಟ್ ಲವ್’ ಶೇ 65.8 ವೀಕ್ಷಣೆ ಪಡೆಯಿತು. ಆ ದಾಖಲೆಯನ್ನು ಇನ್ನೂ ಯಾವ ಧಾರಾವಾಹಿಯೂ ಮುರಿದಿಲ್ಲ.

ವೀಕ್ಷಕರ ಮಾತು ಕಥೆಯೊಳಗೆ ಇಳಿಯಲು ಕಾರಣ ಅಲ್ಲಿನ ಚಿತ್ರೀಕರಣದ ಪದ್ಧತಿ. ಹೆಚ್ಚಿನ ಧಾರಾವಾಹಿಗಳು ವಾರಕ್ಕೆ ಎರಡು ಕಂತು, ಒಂದೊಂದು ಸುಮಾರು ಒಂದು ಗಂಟೆ. ಕೆಲವೇ ಕಂತುಗಳ ಚಿತ್ರೀಕರಣ ಮುಗಿದಿರುವಾಗಲೇ ಪ್ರಸಾರ ಶುರುವಾಗುತ್ತಿತ್ತು. ಆಮೇಲೆ ಬರಹಗಾರರು ಬರೆಯುತ್ತ ಹೋದಂತೆ ಚಿತ್ರೀಕರಣ, ಚಿತ್ರೀಕರಣ ಮುಗಿದಂತೆ ಸಂಕಲನ. ಪೂರ್ತಿ ಸಂಚಿಕೆ ಸಿದ್ಧವಾಗುವ ಮೊದಲೇ ಒಂದೆರಡು ದೃಶ್ಯಗಳ ಹಾಳೆ ಸೆಟ್ಟಿಗೆ ಬರುತ್ತಿತ್ತು. ನಟರು ಅಲ್ಲೇ ಓದಿ ಅಲ್ಲೇ ಅಭಿನಯಿಸುತ್ತಿದ್ದರು. ಬೆಳಿಗ್ಗೆ ತೆಗೆದ ದೃಶ್ಯ ಅದೇ ರಾತ್ರಿ ಪ್ರಸಾರವಾದದ್ದೂ ಉಂಟು. ಹಿಂದಿನ ರಾತ್ರಿಯ ವೀಕ್ಷಣೆಯ ಅಂಕಿ ಮರುದಿನ ಬೆಳಿಗ್ಗೆ ಕೈಸೇರುತ್ತಿತ್ತು. ಜನ ಮೆಚ್ಚಿದ ಪಾತ್ರಕ್ಕೆ ದೃಶ್ಯಗಳು ಹೆಚ್ಚಾದವು, ಗೆದ್ದ ಧಾರಾವಾಹಿಗೆ ಕಂತುಗಳು ಸೇರಿಕೊಂಡವು. ಕನ್ನಡದ ದಿನ ಧಾರಾವಾಹಿ ನೋಡುವವರಿಗೆ ಇದು ಅಪರಿಚಿತವಲ್ಲ. ಆದರೆ ಹದಿನಾರು, ಇಪ್ಪತ್ತು ಕಂತಿಗೆ ಮುಗಿಯಲೇಬೇಕಾದ ಕಥೆಯಲ್ಲಿ ಪ್ರತಿ ವಾರದ ಒತ್ತಡ ಬೇರೆಯದೇ ಆಗಿರುತ್ತದೆ. ಇದರ ಬೆಲೆ ತೆತ್ತವರು ನಿದ್ದೆಗೆಟ್ಟ ತಂತ್ರಜ್ಞರು ಮತ್ತು ನಟರು ಎಂಬುದನ್ನು ಮರೆಯುವಂತಿಲ್ಲ.

2000ದ ಹೊತ್ತಿಗೆ ಮನೆಮನೆಗೆ ವೇಗದ ಇಂಟರ್‌ನೆಟ್ ಬಂದಿತು. ಪ್ರತಿ ಧಾರಾವಾಹಿಗೂ ವಾಹಿನಿಗಳು ಅಭಿಪ್ರಾಯ ಬರೆಯುವ ಜಾಗ ತೆರೆದವು. 2003ರ ‘ದಾಮೊ’ ಎಂಬ ಐತಿಹಾಸಿಕ ಪ್ರೇಮಕಥೆಯ ಅಭಿಮಾನಿಗಳು ಹಗಲುರಾತ್ರಿ ಅದರಲ್ಲೇ ಮುಳುಗಿ, ಪಾತ್ರಗಳ ಹಳೆಯ ಕಾಲದ ಭಾಷೆಯಲ್ಲೇ ಒಬ್ಬರಿಗೊಬ್ಬರು ಬರೆದುಕೊಂಡರು. ಅದೇ ವರ್ಷ ಆರಂಭವಾದ 54 ಕಂತುಗಳ ‘ಜ್ಯುವೆಲ್ ಇನ್ ದ ಪ್ಯಾಲೆಸ್’ನಲ್ಲಿ ನಾಯಕಿ ಜಾಂಗ್-ಗಮ್‌ಳ ಗುರು, ಅರಮನೆಯ ಅಡುಗೆಮನೆಯ ಹಾನ್ ಸಾಂಗ್-ಗುಂಗ್, ಸುಳ್ಳು ದ್ರೋಹದ ಆರೋಪ ಹೊತ್ತು ಗಡೀಪಾರಾಗಿ ಸಾಯಬೇಕಿತ್ತು. ಆ ತಾಯಿಯಂಥ ಪಾತ್ರವನ್ನು ಕೊಲ್ಲಬೇಡಿ ಎಂದು ದೇಶದೆಲ್ಲೆಡೆಯಿಂದ ಬೇಡಿಕೆ ಬಂತು. ಸಾವು ಮುಂದಕ್ಕೆ ಹೋಯಿತು, ತಪ್ಪಲಿಲ್ಲ. ಆಕೆ ಶಿಷ್ಯೆಯ ಬೆನ್ನ ಮೇಲೆ ಪ್ರಾಣಬಿಡುವ ಕಂತು ಇಡೀ ಧಾರಾವಾಹಿಯಲ್ಲೇ ಹೃದಯ ಹಿಂಡುವಂಥದ್ದು. ಜನರ ಬೇಡಿಕೆಗೆ ಪೂರ್ತಿ ಮಣಿಯದಿದ್ದುದೇ ಕಥೆಗೆ ಒಳ್ಳೆಯದಾಯಿತು.

2004ರ ‘ಲವರ್ಸ್ ಇನ್ ಪ್ಯಾರಿಸ್’ನಲ್ಲಿ ಇದೇ ಜಗ್ಗಾಟ ಕೈಮೀರಿತು. ಬಡ ಹುಡುಗಿ, ಕಾರು ಕಂಪನಿಯ ಶ್ರೀಮಂತ ಒಡೆಯ. ಕಿಮ್ ಉನ್-ಸುಕ್ ಅವರ ಲೇಖನಿಯ ಈ ಪ್ರೇಮಕಥೆಯನ್ನು ಬೇಸಿಗೆಯ ವಾರಾಂತ್ಯಗಳಲ್ಲಿ ದೇಶದ ಅರ್ಧದಷ್ಟು ಮನೆಗಳು ನೋಡಿದವು. ಇದುವರೆಗಿನ ಕಥೆಯೆಲ್ಲ ನಾಯಕಿ ಬರೆದ ಚಿತ್ರಕಥೆ ಎಂದು ಕೊನೆಯಾಗಲಿದೆ ಎಂಬ ಸುದ್ದಿ ಮುಂಚಿತವಾಗಿ ಸೋರಿಹೋಯಿತು. ಎರಡು ತಿಂಗಳು ತಾವು ನಂಬಿದ ಪ್ರೀತಿ ಬರೀ ಕಲ್ಪನೆಯೇ ಎಂದು ವೀಕ್ಷಕರು ರೊಚ್ಚಿಗೆದ್ದರು. ಆದರೂ ಚಿತ್ರಕಥೆಯ ತಿರುವು ಉಳಿಯಿತು, ಅಸಮಾಧಾನವೂ ಉಳಿಯಿತು. 2010ರ ಮಾರ್ಚ್‌ನಲ್ಲಿ ‘ಹೈ ಕಿಕ್ ಥ್ರೂ ದ ರೂಫ್’ ಎಂಬ ಹಾಸ್ಯ ಧಾರಾವಾಹಿ, ಕಾರಿನಲ್ಲಿ ಹೊರಟ ಜೋಡಿಯ ಸಾವಿನಲ್ಲಿ ಮುಗಿದಾಗಲೂ ಇಂಥದೇ ಕೋಲಾಹಲವೆದ್ದಿತು. ಕಥೆ ಹಾಗೆ ಮುಗಿದದ್ದಕ್ಕಿಂತ ತಮಗೆ ಕೊಟ್ಟ ಮಾತು ಮುರಿಯಿತೆಂಬ ನೋವು ಎರಡು ಸಲವೂ ದೊಡ್ಡದಾಗಿತ್ತು.

ಕೊರಿಯಾದ ಹೊರಗೆ ವೀಕ್ಷಕರಿಗೆ ಕಥೆ ಬದಲಿಸುವ ಅವಕಾಶವಿರಲಿಲ್ಲ. ಅವರು ಕಥೆ ನಡೆದ ಜಾಗಗಳನ್ನೇ ಹುಡುಕಿಕೊಂಡು ಬಂದರು. ಯೂನ್ ಸೊಕ್-ಹೊ ನಿರ್ದೇಶನದ ‘ವಿಂಟರ್ ಸೊನಾಟಾ’ 2002ರಲ್ಲಿ ಕೊರಿಯಾದಲ್ಲಿ, 2003ರಲ್ಲಿ ಜಪಾನಿನ ಎನ್‌ಎಚ್‌ಕೆ ಉಪಗ್ರಹ ವಾಹಿನಿಯಲ್ಲಿ, 2004ರಲ್ಲಿ ಅದರ ಮುಖ್ಯ ವಾಹಿನಿಯಲ್ಲಿ ಬಂತು. ಮೊದಲ ಪ್ರೇಮಿ ಸತ್ತನೆಂದು ನಂಬಿದ ಹೆಣ್ಣಿಗೆ ಹತ್ತು ವರ್ಷದ ನಂತರ ಅವನದೇ ಮುಖದ ಗಂಡು ಎದುರಾಗುತ್ತಾನೆ. ಮೆಲುಮಾತಿನ, ಕೊರಳಿಗೆ ಮಫ್ಲರ್ ಸುತ್ತಿದ ಬೇ ಯೊಂಗ್-ಜುನ್ ಜಪಾನಿನ ಮಧ್ಯವಯಸ್ಸಿನ ಹೆಂಗಸರ ಪಾಲಿಗೆ ‘ಯೊನ್-ಸಾಮಾ’ ಆದರು. 2004ರ ನವೆಂಬರ್‌ನಲ್ಲಿ ಅವರು ನರಿಟಾ ವಿಮಾನ ನಿಲ್ದಾಣದಲ್ಲಿ ಇಳಿದಾಗ ಸುಮಾರು 3,500 ಮಂದಿ ಕಾದಿದ್ದರು. ಮರಳಿ ನೋಡಿದವರು ಮೂಲ ಭಾಷೆಯಲ್ಲೇ ಬೇಕೆಂದರು. ಎನ್‌ಎಚ್‌ಕೆ ವರ್ಷದ ಕೊನೆಗೆ ಕೊರಿಯನ್ ಧ್ವನಿಯಲ್ಲೇ ಮತ್ತೆ ತೋರಿಸಿತು. ಮೂವತ್ತೈದು ವರ್ಷ ತಮ್ಮ ಆಳ್ವಿಕೆಯಲ್ಲಿದ್ದ ದೇಶದ ಭಾಷೆಯನ್ನು ಜಪಾನಿನ ಗೃಹಿಣಿಯರು ಪುಸ್ತಕ ಹಿಡಿದು ಕಲಿಯತೊಡಗಿದರು. ನಾಮಿ ದ್ವೀಪದ ಮರಗಳ ಸಾಲಿನ ನಡುವೆ, ನಾಯಕ ನಾಯಕಿ ನಡೆದ ದಾರಿಯಲ್ಲಿ ತಾವೂ ನಡೆಯಲು ತಂಡತಂಡವಾಗಿ ಬಂದರು. ರಾಜತಾಂತ್ರಿಕರಿಂದ ಆಗದ ಕೆಲಸ ಒಂದು ಪ್ರೇಮಕಥೆಯಿಂದ ಸ್ವಲ್ಪವಾದರೂ ಆಯಿತು.

ಭಾರತದಲ್ಲಿ ಮೊದಲು ಮನಸೋತದ್ದು ಮಣಿಪುರ. 2000ದಲ್ಲಿ ಅಲ್ಲಿನ ಬಂಡುಕೋರ ಸಂಘಟನೆ ಹಿಂದಿ ಸಿನಿಮಾ, ವಾಹಿನಿಗಳನ್ನು ನಿಷೇಧಿಸಿತು. ತೆರವಾದ ಜಾಗಕ್ಕೆ ಕೇಬಲ್ ಮೂಲಕ ಕೊರಿಯಾದ ಅರಿರಾಂಗ್ ವಾಹಿನಿ, ಗಡಿಯಾಚೆಯಿಂದ ಕೊರಿಯನ್ ಧಾರಾವಾಹಿಗಳ ಸಿಡಿಗಳು ಬಂದವು. ಹಿರಿಯರಿಗೆ ಬಾಗುವ ಮಕ್ಕಳು, ಕೂಡಿ ಉಣ್ಣುವ ಕುಟುಂಬ, ಮಾತಿಗಿಂತ ಸಂಕೋಚವೇ ಹೆಚ್ಚಿರುವ ಪ್ರೇಮ ಅಲ್ಲಿನವರಿಗೆ ತಮ್ಮದೆನಿಸಿತು. 2006ರಲ್ಲಿ ದೂರದರ್ಶನ ‘ಜ್ಯುವೆಲ್ ಇನ್ ದ ಪ್ಯಾಲೆಸ್’ ಅನ್ನು ಹಿಂದಿ ಮಾತಿನಲ್ಲಿ ದೇಶಕ್ಕೆಲ್ಲ ತೋರಿಸಿದರೂ ಅಂಥ ಅಲೆ ಏಳಲಿಲ್ಲ. ಕರ್ನಾಟಕವೂ ಸೇರಿದಂತೆ ಉಳಿದ ಭಾರತದಲ್ಲಿ ಇವುಗಳಿಗೆ ದೊಡ್ಡ ವೀಕ್ಷಕ ಬಳಗ ಸಿಕ್ಕಿದ್ದು 2020ರ ಲಾಕ್‌ಡೌನ್‌ನಲ್ಲಿ, ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ ಮೂಲಕ.

ಕೊರಿಯಾದಲ್ಲಿ ಇಷ್ಟರಲ್ಲಿ ಊಹೆಯೇ ಆಟವಾಗಿತ್ತು. 2015–16ರ ‘ರಿಪ್ಲೈ 1988’ ನಾಯಕಿ ಡೊಕ್-ಸನ್‌ಳ ಗಂಡ ಯಾರೆಂಬುದನ್ನು ಕೊನೆಯವರೆಗೆ ಮುಚ್ಚಿಟ್ಟಿತು. ನೆರೆಮನೆಯ ಸಿಡುಕ ಜೊಂಗ್-ಹ್ವಾನ್ ಎಂದು ಒಂದು ಪಾಳೆಯ, ಬದುಕ್ ಎಂಬ ಹಲಗೆಯಾಟದ ಆಟಗಾರ ಟೇಕ್ ಎಂದು ಇನ್ನೊಂದು. ಹದಿನೆಂಟನೆಯ ಕಂತಿನಲ್ಲಿ ಜೊಂಗ್-ಹ್ವಾನ್ ಸಂಗೀತ ಕಾರ್ಯಕ್ರಮದ ಕಡೆಗೆ ಕಾರು ಓಡಿಸುತ್ತಾನೆ. ದಾರಿಯಲ್ಲಿ ಕೆಂಪು ದೀಪಗಳು ತಡೆಯುತ್ತವೆ. ತಲುಪಿದಾಗ, ಪಂದ್ಯವನ್ನೇ ಬಿಟ್ಟುಕೊಟ್ಟು ಓಡಿಬಂದ ಟೇಕ್ ಅವಳ ಎದುರು ನಿಂತಿರುತ್ತಾನೆ. ಆಮೇಲೆ ಜೊಂಗ್-ಹ್ವಾನ್ ಉಂಗುರ ತೆಗೆದು ಮನದ ಮಾತೆಲ್ಲ ಹೇಳಿ, ಗೆಳೆಯರೆದುರು ತಮಾಷೆ ಎಂದು ಅದನ್ನು ನಕ್ಕು ಮುಗಿಸುತ್ತಾನೆ. ಉಂಗುರ ಮೇಜಿನ ಮೇಲೆಯೇ ಉಳಿಯುತ್ತದೆ. ತಡ ಮಾಡಿದ್ದು ದೀಪಗಳಲ್ಲ, ತನ್ನ ಹಿಂಜರಿಕೆ ಎಂದು ಅವನೇ ಒಪ್ಪಿಕೊಂಡರೂ ಅವನ ಪಾಳೆಯದವರು ಒಪ್ಪಲಿಲ್ಲ. ಆ ಮುನಿಸು ಇಂದಿಗೂ ಆರಿಲ್ಲ.

2021ರ ‘ಸ್ನೋಡ್ರಾಪ್’ ವಿವಾದ ಬೇರೆ ಬಗೆಯದು. 1987ರ ಪ್ರಜಾಪ್ರಭುತ್ವ ಹೋರಾಟದ ಹಿನ್ನೆಲೆಯಲ್ಲಿ ವಿದ್ಯಾರ್ಥಿನಿ ಮತ್ತು ಉತ್ತರ ಕೊರಿಯಾದ ಗೂಢಚಾರನ ಪ್ರೇಮ ಇದರ ಕಥೆ. ಹೋರಾಟಗಾರರನ್ನು ಗೂಢಚಾರರೆಂದು ಸುಳ್ಳು ಕೇಸಿನಲ್ಲಿ ಸಿಲುಕಿಸಿ ಹಿಂಸಿಸಿದ ನೆನಪು ಹಸಿಯಾಗಿದ್ದ ನಾಡಿನಲ್ಲಿ ಇದು ಗಾಯಕ್ಕೆ ಉಪ್ಪು ಸವರಿದಂತಾಯಿತು. ನಿಜ ಹೋರಾಟಗಾರ್ತಿಯೊಬ್ಬರನ್ನು ನೆನಪಿಸುವಂತಿದ್ದ ನಾಯಕಿಯ ಹೆಸರು ಬದಲಾಯಿತು. ಪ್ರಸಾರ ನಿಲ್ಲಿಸಲು ಲಕ್ಷಾಂತರ ಜನ ಸಹಿ ಹಾಕಿದರು, ಜಾಹೀರಾತುದಾರರು ಹಿಂದೆ ಸರಿದರು. ನ್ಯಾಯಾಲಯ ತಡೆ ಕೊಡದ್ದರಿಂದ 16 ಕಂತುಗಳೂ ಪ್ರಸಾರವಾದವು.

ಹಳೆಯ ಚಿತ್ರೀಕರಣ ಪದ್ಧತಿ ಈಗ ಸೊರಗಿದೆ. 2016ರ ‘ಡಿಸೆಂಡೆಂಟ್ಸ್ ಆಫ್ ದ ಸನ್’ ಪೂರ್ತಿ ಸಿದ್ಧವಾದ ಮೇಲೆಯೇ ಪ್ರಸಾರಕ್ಕೆ ಬಂತು. 2018ರಲ್ಲಿ ವಾರಕ್ಕೆ 52 ಗಂಟೆಗಳ ದುಡಿಮೆಯ ಮಿತಿ ಕಾನೂನಾಯಿತು. ನೆಟ್‌ಫ್ಲಿಕ್ಸ್‌ನಂಥ ವೇದಿಕೆಗಳ ಸ್ವಂತ ಧಾರಾವಾಹಿಗಳಲ್ಲಿ ವೀಕ್ಷಕರ ಕೈಗೆ ಬರುವುದು ಮುಗಿದ ಕಥೆ. ಅಂತ್ಯ ಬದಲಿಸುವ ಹಕ್ಕು ಅವರಿಗೆ ಈಗ ಇಲ್ಲ. ತೀರ್ಪು ಕೊಡುವ ಹಕ್ಕು ಮಾತ್ರ ಇದೆ. ಆ ತೀರ್ಪು ಹಳೆಯ ಪಾತ್ರಗಳನ್ನೂ ಬಿಡುತ್ತಿಲ್ಲ. 2005ರ ‘ಮೈ ಲವ್ಲಿ ಸ್ಯಾಮ್ ಸೂನ್’, ತುಸು ದಪ್ಪಗಿನ, ನೇರಮಾತಿನ ಮೂವತ್ತರ ಕೇಕ್ ತಯಾರಕಿಯನ್ನು ನಾಯಕಿಯಾಗಿಸಿ ಶೇ 50ರ ಗಡಿ ದಾಟಿತ್ತು. ಹ್ಯೊನ್ ಬಿನ್ ನಟಿಸಿದ ನಾಯಕ ಅವಳ ಮೇಲೆ ಸಿಡುಕುತ್ತ, ಮಣಿಕಟ್ಟು ಹಿಡಿದು ಎಳೆಯುತ್ತಿದ್ದುದು ಆಗ ಪ್ರೀತಿಯ ಗುರುತಾಗಿ ಕಂಡಿತ್ತು. 2024ರಲ್ಲಿ ಅದೇ ಧಾರಾವಾಹಿಯನ್ನು ಎಂಟು ಕಂತುಗಳಿಗೆ ಇಳಿಸಿ ಮತ್ತೆ ತೋರಿಸಿದಾಗ ಆ ವರ್ತನೆ ಹೊಸ ವೀಕ್ಷಕರಿಗೆ ದಬ್ಬಾಳಿಕೆಯಾಗಿ ಕಂಡಿತು. ಸ್ಯಾಮ್ ಸೂನ್ ಮಾತ್ರ ಅವರಿಗೂ ಅಚ್ಚುಮೆಚ್ಚಾದಳು.