ನಡುರಾತ್ರಿಯ ನಾಗಪುರ: ಡಕೋಟಾ ಮತ್ತು ಟಪಾಲು ಚೀಲ

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿತ್ರರಾಷ್ಟ್ರಗಳ ಸೇನೆಗೆ ಬೇಡವಾದ ಡಕೋಟಾ ವಿಮಾನಗಳು ಭಾರತದಲ್ಲಿ ಅಗ್ಗಕ್ಕೆ ಮಾರಾಟವಾದವು. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಇಂಥ ಹಲವು ವಿಮಾನಗಳನ್ನು ದುರಸ್ತಿ ಮಾಡಿ, ಸೀಟು ಕೂರಿಸಿ, ನಾಗರಿಕ ಸಂಚಾರಕ್ಕೆ ಸಜ್ಜುಗೊಳಿಸಿತು.

1949ರ ಜನವರಿಯಲ್ಲಿ ಇಂಥ ಡಕೋಟಾಗಳಲ್ಲೇ ರಾತ್ರಿ ವಿಮಾನ ಟಪಾಲು ಸೇವೆ ಶುರುವಾಯಿತು. ಆಗಿನ ಸಂಪರ್ಕ ಸಚಿವ ರಫಿ ಅಹಮದ್ ಕಿದ್ವಾಯಿ ಇದರ ಬೆನ್ನಿಗೆ ನಿಂತಿದ್ದರು. ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಕೂಡುತ್ತಿದ್ದವು. ದೀಪದ ಬೆಳಕಿನಲ್ಲಿ ಟಪಾಲು ಚೀಲಗಳ ಅದಲುಬದಲು ನಡೆಯುತ್ತಿತ್ತು. ಪ್ರಯಾಣಿಕರೂ ನಿದ್ದೆಗಣ್ಣಲ್ಲೇ ಇಳಿದು ಬೇರೆ ವಿಮಾನ ಹತ್ತುತ್ತಿದ್ದರು. ಬೆಳಗಾಗುವಷ್ಟರಲ್ಲಿ ಎಲ್ಲ ವಿಮಾನಗಳೂ ಹೊರಟ ಊರಿಗೆ ವಾಪಸ್. ಸಂಜೆ ಮದರಾಸಿನಲ್ಲಿ ಡಬ್ಬಿಗೆ ಹಾಕಿದ ಕಾಗದ ಮರುದಿನವೇ ದೆಹಲಿ ಸೇರುತ್ತಿದ್ದುದು ಆ ಕಾಲಕ್ಕೆ ದೊಡ್ಡ ಸಾಧನೆಯೇ ಸರಿ.

ಡಕೋಟಾದ ಮೂರನೇ ಚಕ್ರ ಇರುವುದು ಬಾಲದ ಕೆಳಗೆ. ಹೀಗಾಗಿ ನೆಲದ ಮೇಲೆ ನಿಂತಾಗ ಮೂತಿ ಮೇಲಕ್ಕೆತ್ತಿಯೇ ಇರುತ್ತದೆ. ಹಿಂಬಾಗಿಲಿನಿಂದ ಹತ್ತಿದವರು ತಮ್ಮ ಸೀಟು ತಲುಪಲು ದಿಬ್ಬ ಏರಿದಂತೆ ನಡೆಯಬೇಕಿತ್ತು. ಒಳಗಿನ ಗಾಳಿಯ ಒತ್ತಡ ಕಾಪಾಡುವ ವ್ಯವಸ್ಥೆ ಇಲ್ಲದ್ದರಿಂದ ವಿಮಾನ ತೀರಾ ಎತ್ತರಕ್ಕೆ ಹೋಗುವಂತಿರಲಿಲ್ಲ. ಮಳೆಗಾಲದಲ್ಲಿ ಮೋಡಗಳ ನಡುವೆಯೇ ಕುಲುಕುತ್ತ ಸಾಗುತ್ತಿತ್ತು. ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರಮಿಂಟು ಕೊಡುತ್ತಿದ್ದರು. ಎರಡು ಎಂಜಿನ್‌ಗಳ ಸದ್ದಿನಲ್ಲಿ ಪಕ್ಕದವರ ಮಾತು ಕೇಳುವುದೂ ಕಷ್ಟವಿತ್ತು.

1953ರಲ್ಲಿ ಖಾಸಗಿ ವಿಮಾನ ಕಂಪನಿಗಳ ರಾಷ್ಟ್ರೀಕರಣವಾದಾಗ ರಾತ್ರಿ ಟಪಾಲು ಸೇವೆ ಇಂಡಿಯನ್ ಏರ್‌ಲೈನ್ಸ್ ಪಾಲಿಗೆ ಬಂತು. 1970ರ ದಶಕದಲ್ಲಿ ಅದು ನಿಂತಿತು.