ಕನ್ನಡ ಕಾವ್ಯಮೀಮಾಂಸೆಯಲ್ಲಿ ನುಡಿಯ ವಿವೇಕ: ಧ್ವನಿ ತಡವಾಗಿ ಬಂದ ಬಗೆ

ಕನ್ನಡದ ಮೊದಲ ಲಕ್ಷಣಗ್ರಂಥ ಮಾನ್ಯಖೇಟದಲ್ಲಿ ಸಿದ್ಧವಾಗುತ್ತಿದ್ದ ಕಾಲದಲ್ಲೇ ಕಾಶ್ಮೀರದಲ್ಲಿ ಧ್ವನಿಸಿದ್ಧಾಂತ, ಅಂದರೆ ಮಾತು ನೇರವಾಗಿ ಹೇಳದೆ ಸೂಚಿಸುವ ಅರ್ಥವೇ ಕಾವ್ಯದ ಜೀವಾಳವೆಂಬ ವಿಚಾರ, ರೂಪುಗೊಳ್ಳುತ್ತಿತ್ತು. ‘ಕವಿರಾಜಮಾರ್ಗ’ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರಲ್ಲಿ ರಚಿತವಾದದ್ದು. ‘ಧ್ವನ್ಯಾಲೋಕ’ದ ಆನಂದವರ್ಧನ ಅವಂತಿವರ್ಮನ (855–883) ಆಳ್ವಿಕೆಯಲ್ಲಿ ಹೆಸರಾದನೆಂದು ಕಲ್ಹಣನ ‘ರಾಜತರಂಗಿಣಿ’ ಹೇಳುತ್ತದೆ. ಕೆ. ಬಿ. ಪಾಠಕರು 1898ರಲ್ಲಿ ಕವಿರಾಜಮಾರ್ಗವನ್ನು ಅಚ್ಚಿಗೆ ತಂದಂದಿನಿಂದ ಅದರ ಕರ್ತೃ ಯಾರೆಂಬ ಚರ್ಚೆ ನಡೆದೇ ಇದೆ. ಶ್ರೀವಿಜಯನೆಂಬ ಬಹುಮತವನ್ನು ಒಪ್ಪಿಕೊಂಡೇ ಈ ಲೇಖನ ಮುಂದುವರಿಯುತ್ತದೆ.

ಶ್ರೀವಿಜಯನಿಗೆ ಧ್ವನಿಯ ಸುಳಿವು ಇತ್ತು. ಮೂರನೆಯ ಪರಿಚ್ಛೇದದಲ್ಲಿ, ಅರ್ಥಾಲಂಕಾರಗಳ ಪಟ್ಟಿ ಮುಗಿಯುತ್ತ ಬಂದಾಗ, ಧ್ವನಿಯನ್ನೂ ಒಂದು ಅಲಂಕಾರವೆಂದು ಹೆಸರಿಸಿ ಆತ ಮುಂದೆ ಹೋಗುತ್ತಾನೆ. ಆನಂದವರ್ಧನ ಕಾವ್ಯದ ಆತ್ಮವೆಂದು ಕರೆದದ್ದಕ್ಕೆ ಇಲ್ಲಿ ಸಿಕ್ಕಿದ್ದು ಸಾಲಿನ ಕೊನೆಯ ಜಾಗ. ಇದನ್ನು ಕಂಡು ಹೆಮ್ಮೆಪಟ್ಟವರಿದ್ದಾರೆ, ಕಾಶ್ಮೀರಕ್ಕಿಂತ ಮೊದಲೇ ನಮಗೆ ಗೊತ್ತಿತ್ತು ಎಂದು. ದಂಡಿಯ ‘ಕಾವ್ಯಾದರ್ಶ’ಕ್ಕೆ ಜೋತುಬಿದ್ದ ಗ್ರಂಥ ಇನ್ನೇನು ತಾನೆ ಮಾಡೀತು ಎಂದವರೂ ಇದ್ದಾರೆ. ಎರಡು ವಾದಗಳೂ ಕನ್ನಡದ ಮೀಮಾಂಸೆಯನ್ನು ಸಂಸ್ಕೃತದ ಅಳತೆಗೋಲಿನಿಂದಲೇ ಅಳೆಯುತ್ತವೆ. ಶ್ರೀವಿಜಯನ ಮುಂದಿದ್ದ ಪ್ರಶ್ನೆಯೇ ಬೇರೆಯದಾಗಿತ್ತು ಎಂಬುದು ನನ್ನ ವಾದ.

ಆನಂದವರ್ಧನ ಹೊರಟದ್ದು ಭಾಷೆಯ ತತ್ತ್ವಶಾಸ್ತ್ರದಿಂದ. ವೈಯಾಕರಣರೇ ವಿದ್ವಾಂಸರಲ್ಲಿ ಮೊದಲಿಗರೆಂದು ಗೌರವಿಸಿ, ಧ್ವನಿ ಎಂಬ ಮಾತನ್ನು ಅವರಿಂದಲೇ ಪಡೆದೆನೆಂದು ಆತ ಒಪ್ಪುತ್ತಾನೆ. ‘ವಾಕ್ಯಪದೀಯ’ದ ಭರ್ತೃಹರಿಯ ಪ್ರಕಾರ ಒಂದರ ಹಿಂದೊಂದು ಬಂದು ಅಳಿಯುವ ಸದ್ದುಗಳ ಮೂಲಕ ಅರ್ಥವನ್ನು ಹೊತ್ತ ಅಖಂಡ ಶಬ್ದವಾದ ಸ್ಫೋಟ ಹೊಳೆಯುತ್ತದೆ. ಕಿವಿಗೆ ಬೀಳುವುದು ಒಂದು, ಮನಸ್ಸಿಗೆ ತೋರುವುದು ಇನ್ನೊಂದು. ಈ ತಿಳಿವನ್ನು ಆನಂದವರ್ಧನ ಕಾವ್ಯಕ್ಕೆ ಹಿಗ್ಗಿಸಿದ. ನೇರ ಅರ್ಥ ಕೊಡುವ ಅಭಿಧೆ, ಅದು ಹೊಂದದಾಗ ಬೇರೆ ಅರ್ಥ ಕೊಡುವ ಲಕ್ಷಣೆ ಎಂಬ ಎರಡು ಶಕ್ತಿಗಳು ಸಾಲವು, ಸೂಚಿಸುವ ವ್ಯಂಜನೆಯೆಂಬ ಮೂರನೆಯದು ಬೇಕೆಂದು ಆತ ಸಾಧಿಸಬೇಕಾಯಿತು. ಅದು ದಾರ್ಶನಿಕರ ಕಣದಲ್ಲಿ ನಡೆದ ಜಗಳ. ಆದರೆ ಆ ಜಗಳದಲ್ಲಿ ತೊಡಗಿದ ಯಾರೂ ‘ಯಾವ ಸಂಸ್ಕೃತ?’ ಎಂದು ಕೇಳಬೇಕಾಗಿರಲಿಲ್ಲ. ಪಾಣಿನಿ ಆ ವ್ಯವಹಾರವನ್ನು ಎಂದೋ ಮುಗಿಸಿದ್ದ.

ಕನ್ನಡದ ಕವಿಗೆ ಆ ನಿಶ್ಚಿಂತೆ ಇರಲಿಲ್ಲ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನಲ್ಲಿ ದೇಸಿ ಬೇರೆ ಬೇರೆಯಾಗಿದೆ, ಅಲ್ಲಿನ ನುಡಿಗಳ ದೋಷ ಇಷ್ಟೇ ಎಂದು ಎಣಿಸಹೊರಟರೆ ವಾಸುಕಿಯೂ ಬೇಸತ್ತಾನು ಎನ್ನುತ್ತಾನೆ ಶ್ರೀವಿಜಯ. ‘ಕನ್ನಡಂಗಳ್’ ಎಂಬ ಬಹುವಚನವೂ ಅವನದೇ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನುಡಿಯನ್ನು ಕನ್ನಡದ ತಿರುಳೆಂದು ಆರಿಸಿಕೊಂಡದ್ದು ಈ ಗೊಂದಲದ ನಡುವೆ ಮಾಡಿದ ರಸಿಕನ ತೀರ್ಮಾನ. ಅದರಲ್ಲಿ ಅರಮನೆಯ ರಾಜಕಾರಣವೂ ಇದ್ದೀತು, ಅದು ಬೇರೆ ಮಾತು.

ಸಮಾಸದ ವಿಚಾರದಲ್ಲಿ ಈ ರಸಿಕತೆ ಇನ್ನೂ ಹತ್ತಿರದಿಂದ ಕಾಣುತ್ತದೆ. ಸಂಸ್ಕೃತವನ್ನೂ ಕನ್ನಡವನ್ನೂ ವಿವೇಚನೆಯಿಲ್ಲದೆ ಒಂದೇ ಸಮಾಸದಲ್ಲಿ ಬೆರೆಸಿದರೆ ಅದು ಮರಳುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ವಿರಸ ಎನ್ನುತ್ತಾನೆ. ಮುಂದೆ ವ್ಯಾಕರಣಗಳು ಅರಿಸಮಾಸವೆಂದು ಕರೆದ ಈ ತಪ್ಪಿಗೆ ಅವನು ಸೂತ್ರದ ಆಧಾರ ಹುಡುಕುವುದಿಲ್ಲ. ಬಾಯಿಗೆ ಹೇಗನಿಸುತ್ತದೆ ಎಂಬುದೇ ಅವನಿಗೆ ಪ್ರಮಾಣ. ಎರಡನೆಯ ಅಕ್ಷರದ ಪ್ರಾಸಕ್ಕೂ ಇದೇ ನ್ಯಾಯ. ಸಂಸ್ಕೃತ ಕಾವ್ಯಕ್ಕೆ ಬೇಡವಾದ ಈ ಕಟ್ಟು ಕನ್ನಡಕ್ಕೆ ಬೇಕೇಬೇಕು, ಅದಿಲ್ಲದೆ ಕನ್ನಡದ ಪದ್ಯ ಶೋಭಿಸದು ಎಂಬ ಅವನ ಮಾತು ಸಾವಿರ ವರ್ಷಗಳ ಮೇಲೂ ಆಳಿತು. ಮಂಜೇಶ್ವರದ ಗೋವಿಂದ ಪೈಗಳು 1911ರ ಸುಮಾರಿಗೆ ಪ್ರಾಸ ಬಿಟ್ಟು ಬರೆದದ್ದು ದೊಡ್ಡ ಸುದ್ದಿಯಾದದ್ದು ಅದಕ್ಕೇ.

ಶ್ರೀವಿಜಯನ ನಂತರದ ಗ್ರಂಥಗಳು ಈ ಜಾಡನ್ನು ಬಿಡಲಿಲ್ಲ. ಇಮ್ಮಡಿ ನಾಗವರ್ಮನ ‘ಕಾವ್ಯಾವಲೋಕನ’ದ ಐದು ಅಧಿಕರಣಗಳಲ್ಲಿ ಮೊದಲನೆಯದು ‘ಶಬ್ದಸ್ಮೃತಿ’, ಅಂದರೆ ವ್ಯಾಕರಣ. ಕನ್ನಡದಲ್ಲಿ ಉಳಿದುಬಂದ ಮೊದಲ ವ್ಯಾಕರಣ ಹೀಗೆ ಅಲಂಕಾರಗ್ರಂಥವೊಂದರ ಬಾಗಿಲಲ್ಲಿ ಸಿಗುತ್ತದೆ. ಗುಣ, ರೀತಿ, ರಸಗಳ ಮಾತು ಆಮೇಲೆ. ಇದಕ್ಕೆ ಎದುರು ದಿಕ್ಕಿನಿಂದ ಬಂದವನು ಹದಿಮೂರನೆಯ ಶತಮಾನದ ಕೇಶಿರಾಜ. ‘ಶಬ್ದಮಣಿದರ್ಪಣ’ ವ್ಯಾಕರಣವಾದರೂ ಅದರ ಉದಾಹರಣೆಗಳು ಕಾವ್ಯಗಳಿಂದ ಬಂದವು. ಅರಿಸಮಾಸವನ್ನು ನಿಷೇಧಿಸುತ್ತಲೇ, ಬಿರುದುಗಳಲ್ಲೂ ಹಿಂದಿನ ಸತ್ಕವಿಗಳ ಪ್ರಯೋಗಗಳಲ್ಲೂ ಅದು ಸಲ್ಲುತ್ತದೆಂದು ಆತ ಒಪ್ಪುತ್ತಾನೆ. ಕವಿ ಬಳಸಿ ದಕ್ಕಿಸಿಕೊಂಡದ್ದಕ್ಕೆ ನಿಯಮ ದಾರಿ ಬಿಡುತ್ತದೆ. ‘ಸೂಕ್ತಿಸುಧಾರ್ಣವ’ವೆಂಬ ಪದ್ಯಸಂಕಲನ ಮಾಡಿದ ಮಲ್ಲಿಕಾರ್ಜುನನ ಮಗ ಇವನು ಎಂಬುದನ್ನು ಮರೆಯಬಾರದು. ಆಯ್ದ ಪದ್ಯಗಳ ಮನೆಯಲ್ಲೇ ವ್ಯಾಕರಣ ಬೆಳೆಯಿತು.

ಕವಿಗಳಂತೂ ಈ ಚರ್ಚೆಯನ್ನು ಕಾವ್ಯದೊಳಕ್ಕೇ ಎಳೆದರು. ಮುಳುಗುಂದದ ನಯಸೇನ ‘ಧರ್ಮಾಮೃತ’ದಲ್ಲಿ (1112) ಕನ್ನಡ ಬರೆಯಹೊರಟು ಸಂಸ್ಕೃತ ತುರುಕುವವರನ್ನು ಹಂಗಿಸಿ, ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ತಕ್ಕದ್ದೇ ಎಂದು ಕೇಳುತ್ತಾನೆ. ಹಾಗೆಂದವನ ಚಂಪುವಿನಲ್ಲೂ ಸಂಸ್ಕೃತಕ್ಕೆ ಬರವಿಲ್ಲ. ಆಂಡಯ್ಯ ಹಟ ಹಿಡಿದು, ತತ್ಸಮಗಳನ್ನು ದೂರವಿಟ್ಟು ‘ಕಬ್ಬಿಗರ ಕಾವ’ವನ್ನೇ ಬರೆದ. ಕಾವ್ಯವಾಗಿ ಅದು ಗೆದ್ದಿತೇ ಎಂಬುದರಲ್ಲಿ ನನಗೆ ಸಂಶಯವಿದೆ. ಒಂದು ಸೌಂದರ್ಯವಾದದ ಪ್ರಯೋಗವಾಗಿ ಮಾತ್ರ ಅದಕ್ಕೆ ಜೋಡಿಯಿಲ್ಲ. ವಚನಕಾರರು ಈ ಪಂಡಿತರ ಜಗಳದ ಹೊರಗೇ ನಿಂತರು. ತನಗೆ ತಾಳವೂ ಗೊತ್ತಿಲ್ಲ, ಗಣವೂ ಗೊತ್ತಿಲ್ಲ ಎಂದು ಹೇಳಿಕೊಂಡ ಬಸವಣ್ಣನ ವಚನ ಲಕ್ಷಣಶಾಸ್ತ್ರದ ಗೋಜನ್ನೇ ಬಿಟ್ಟುಕೊಡುತ್ತದೆ, ಹಾಗೆ ಬಿಡುವಾಗಲೂ ಅದರ ನುಡಿಯ ಲಯ ಕೆಡುವುದಿಲ್ಲ.

ಹಾಗಾದರೆ ಧ್ವನಿ? ಹದಿನಾರನೆಯ ಶತಮಾನದವರೆಗೆ ಕಾಯಬೇಕು. ‘ರಸರತ್ನಾಕರ’ ಬರೆದ ಸಾಳ್ವನ ಇನ್ನೊಂದು ಕೃತಿ ‘ಶಾರದಾವಿಲಾಸ’ ಧ್ವನಿವಿಚಾರಕ್ಕೆ ಮೀಸಲು. ಅದೂ ಪೂರ್ತಿ ದೊರೆತಿಲ್ಲ. ಕವಿರಾಜಮಾರ್ಗದಿಂದ ಇಲ್ಲಿಗೆ ಏಳು ಶತಮಾನ. ಇದನ್ನು ಹಿಂದುಳಿದಿರುವಿಕೆ ಎನ್ನುವ ಮೊದಲು, ಆ ಏಳು ಶತಮಾನಗಳಲ್ಲೇ ಪಂಪ, ರನ್ನ, ಹರಿಹರ, ಕುಮಾರವ್ಯಾಸರು ಬರೆದರೆಂಬುದನ್ನು ನೆನೆಯಬೇಕು. ಸಿದ್ಧಾಂತದ ಕೊರತೆ ಕಾವ್ಯವನ್ನು ಬಡವಾಗಿಸಲಿಲ್ಲ.

ಧ್ವನಿ ಕನ್ನಡದ ಓದುಗರ ಬಳಕೆಯ ಮಾತಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನ ಎಂ. ಹಿರಿಯಣ್ಣನವರು ರಸಾನುಭವವನ್ನು ದರ್ಶನಗಳ ನಡುವೆ ಇಟ್ಟು ನೋಡಿದರು. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಆ ಪರಂಪರೆಯನ್ನೆಲ್ಲ ತಿಳಿಗನ್ನಡದಲ್ಲಿ ಹರವಿತು, ಕೆ. ಕೃಷ್ಣಮೂರ್ತಿಯವರು ಧ್ವನ್ಯಾಲೋಕವನ್ನೇ ಕನ್ನಡಕ್ಕೆ ತಂದರು. ಇದರಿಂದ ಆದ ಲಾಭ ದೊಡ್ಡದು. ಒಂದು ನಷ್ಟವೂ ಆಯಿತು ಎಂದು ನನಗನಿಸುತ್ತದೆ. ರಸ-ಧ್ವನಿಗಳ ಪ್ರಭೆಯಲ್ಲಿ, ಯಾವ ಕನ್ನಡ, ಯಾರ ಬಾಯಿಯ ಕನ್ನಡ ಎಂಬ ಪ್ರಶ್ನೆ ತರಗತಿಗಳಲ್ಲಿ ಬರಿಯ ಭಾಷಾಶಾಸ್ತ್ರದ ಪಾಠವಾಗಿ ಉಳಿಯಿತು. ದೇವನೂರ ಮಹಾದೇವರ ಕಾದಂಬರಿ ‘ಕುಸುಮಬಾಲೆ’ ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬಂದಾಗ ನುರಿತ ಓದುಗರೂ ತಡವರಿಸಿದ್ದು ಸಹಜವೇ. ಆಡುನುಡಿಯ ಕ್ರಿಯಾಪದ, ಅದರ ಎಳೆತ, ಅದರ ಮೌನ ಇವನ್ನು ಸೌಂದರ್ಯದ ಲಕ್ಷಣಗಳಾಗಿ ವಿವರಿಸಲು ರಸದ ಪರಿಭಾಷೆಯೂ ಸಾಲಲಿಲ್ಲ, ನವ್ಯ ವಿಮರ್ಶೆ ಪಶ್ಚಿಮದಿಂದ ಕಲಿತು ತಂದ ಪರಿಭಾಷೆಯೂ ಸಾಲಲಿಲ್ಲ.